ಪೌಲಿಸ್ಟಾ ಮಹಾವೀಥಿ

ದಕ್ಷಿಣ ಅಮೆರಿಕ ಖಂಡದ ಬ್ರೆಜಿಲ್ ದೇಶದಲ್ಲಿ ಸಾವೊ ಪೌಲೊ ಎಂಬ ಮಹಾನಗರವಿದೆ. ಒಂದು ಕೋಟಿಗೂ ಮಿಕ್ಕ ಜನರು ವಾಸಿಸುವ ಈ ನಗರವು ಸಮುದ್ರತೀರದಿಂದ ಒಳನಾಡಿಗೆ ಸರಿದು, ಎತ್ತರವಾದ ಪ್ರಸ್ಥಭೂಮಿಯ ಮೇಲೆ ಹರಡಿಕೊಂಡಿದೆ. ಇಲ್ಲಿ ಟಿಯೆಟೆ ಮತ್ತು ಪಿನ್ಯೇರೋಸ್ ಎಂಬ ಎರಡು ನದಿಗಳ ಕಣಿವೆಗಳನ್ನು ಬೇರ್ಪಡಿಸುವ ಒಂದು ದಿಣ್ಣೆಯುಂಟು. ಆ ದಿಣ್ಣೆಯ ನೆತ್ತಿಯ ಮೇಲೆ ನೇರವಾಗಿ ಸಾಗುವ, ಸುಮಾರು 2.8 ಕಿಲೋಮೀಟರ್ ಉದ್ದದ ಬೀದಿಯೇ ಪೌಲಿಸ್ಟಾ ಮಹಾವೀಥಿ. ಸಾವೊ ಪೌಲೊ ಪ್ರಾಂತದ ನಿವಾಸಿಗಳನ್ನು ಪೋರ್ಚುಗೀಸ್ ನುಡಿಯಲ್ಲಿ ‘ಪೌಲಿಸ್ಟಾ’ ಎಂದು ಕರೆಯುತ್ತಾರೆ. ಹೀಗೆ ಬೀದಿಯ ಹೆಸರು ಮೊದಲಿನಿಂದಲೂ ಎಲ್ಲ ಜನರಿಗೆ ಸೇರಿದುದು. ಬೀದಿಯು ಎಲ್ಲರಿಗೂ ಸೇರಲು ಮಾತ್ರ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಈ ಬೀದಿಯ ಕಥೆ ಕಾಫಿಯಿಂದ ಪ್ರಾರಂಭವಾಗುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರು ಸೀಮೆಗಳ ಬೆಳೆಗಾರರಿಗೆ ಬ್ರೆಜಿಲ್ ದೇಶದ ಹೆಸರು ಚೆನ್ನಾಗಿ ಗೊತ್ತು. ಅಲ್ಲಿನ ತೋಟಗಳು ಹಿಮಕ್ಕೆ ಸಿಲುಕಿದರೆ ಇಲ್ಲಿಯೂ ಕಾಫಿಯ ಬೆಲೆ ಏರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾವೊ ಪೌಲೊ ಪ್ರಾಂತವು ಕಾಫಿಯ ಆಗರವಾಯಿತು. 1867ರಲ್ಲಿ ಸ್ಯಾಂಟೋಸ್ ಬಂದರಿನವರೆಗೆ ರೈಲುಮಾರ್ಗ ಸಿದ್ಧವಾದ ಮೇಲೆ ತೋಟದ ಒಡೆಯರ ಸಂಪತ್ತಿಗೆ ಮಿತಿಯೇ ಇಲ್ಲದಂತಾಯಿತು. ಆ ಸಂಪತ್ತಿನ ಹಿಂದೆ ಗುಲಾಮರ ಬೆವರಿತ್ತು. 1888ರಲ್ಲಿ ಗುಲಾಮಗಿರಿಯು ರದ್ದಾಯಿತು. ಇಟಲಿ ಮೊದಲಾದ ದೇಶಗಳಿಂದ ವಲಸೆ ಬಂದ ಕೂಲಿಕಾರರು ತೋಟಗಳನ್ನು ತುಂಬಿದರು.

ಯುರುಗ್ವೇ ಮೂಲದ ಎಂಜಿನಿಯರ್ ಜೊವಾಕಿಂ ಯುಜೀನಿಯೊ ಡಿ ಲಿಮಾ ರೂಪಿಸಿದ ಈ ಬೀದಿಯು 1891ರ ಡಿಸೆಂಬರ್ 8ರಂದು ಪ್ರಾರಂಭವಾಯಿತು. ಕಾಫಿ ತೋಟಗಳ ಒಡೆಯರೂ ವರ್ತಕರೂ ಕೈಗಾರಿಕೋದ್ಯಮಿಗಳೂ ಇಲ್ಲಿ ಪೈಪೋಟಿಯಿಂದ ಭವನಗಳನ್ನು ಕಟ್ಟಿಸಿದರು. ವಿಶಾಲವಾದ ಕೈತೋಟ, ಕಬ್ಬಿಣದ ಕುಸುರಿಯ ಹೆಬ್ಬಾಗಿಲು, ಓಡಾಡಲು ಸಾರೋಟುಗಳು—ಇದು ಅಂದಿನ ವೈಭವ. ಕಾಫಿಯನ್ನು ಬಿಡಿಸಿದ ಕೈಗಳಿಗೆ ಆ ಹೆಬ್ಬಾಗಿಲಿನೊಳಗೆ ಪ್ರವೇಶವಿರಲಿಲ್ಲ.

ವೈಭವವು ಶಾಶ್ವತವಲ್ಲ. 1929ರ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲಕಚ್ಚಿತು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಭವನಗಳು ಒಂದೊಂದಾಗಿ ಮರೆಯಾಗಿ, ಅವುಗಳ ಸ್ಥಾನದಲ್ಲಿ ಗಗನಚುಂಬಿ ಕಟ್ಟಡಗಳು ತಲೆಯೆತ್ತಿದವು. 1970ರ ದಶಕದಲ್ಲಿ ವಾಹನಗಳಿಗಾಗಿ ಬೀದಿಯನ್ನು ಅಗಲಗೊಳಿಸಲಾಯಿತು. 1982ರಲ್ಲಿ ಉಳಿದ ಭವನಗಳನ್ನು ಸಂರಕ್ಷಿತ ಸ್ಮಾರಕಗಳೆಂದು ಘೋಷಿಸುವ ವಿಚಾರ ಹೊರಬಿದ್ದೊಡನೆ, ಮಾರುವ ಹಕ್ಕು ಕೈತಪ್ಪೀತೆಂಬ ಭಯದಿಂದ ಹಲವು ಭವನಗಳನ್ನು ಆತುರಾತುರವಾಗಿ ಕೆಡವಲಾಯಿತು. ಇಂದು ಉಳಿದಿರುವುವು ಬೆರಳೆಣಿಕೆಯಷ್ಟು. 1935ರಲ್ಲಿ ಪೂರ್ಣಗೊಂಡ ‘ಗುಲಾಬಿಗಳ ಮನೆ’ ಅವುಗಳಲ್ಲೊಂದು. ಕಾವ್ಯ ಮತ್ತು ಸಾಹಿತ್ಯಗಳಿಗೆ ಮೀಸಲಾದ ಆ ಮನೆಯೊಳಗೆ ಈಗ ಯಾರು ಬೇಕಾದರೂ ಹೋಗಬಹುದು.

ಕೆಲಸದ ದಿನಗಳಲ್ಲಿ ಈ ಬೀದಿಯನ್ನು ನೋಡುವವರಿಗೆ ಜನಪ್ರವಾಹವೆಂಬ ಮಾತಿನ ಅರ್ಥ ತಾನಾಗಿ ತಿಳಿಯುತ್ತದೆ. 1991ರಲ್ಲಿ ತೆರೆದ ನೆಲದಡಿಯ ರೈಲುಮಾರ್ಗದ ನಿಲ್ದಾಣಗಳಿಂದ ಜನರು ಅಲೆಅಲೆಯಾಗಿ ಮೇಲೇರಿ ಬರುತ್ತಾರೆ. ಬ್ಯಾಂಕು, ಕಚೇರಿ, ಆಸ್ಪತ್ರೆ, ಪುಸ್ತಕದಂಗಡಿಗಳ ಕಡೆಗೆ ಎಲ್ಲರಿಗೂ ಅವಸರ. ಈ ಗದ್ದಲದ ನಡುವೆಯೇ ಟ್ರಯನಾನ್ ಉದ್ಯಾನವಿದೆ. ಬೀದಿ ಮೂಡುವ ಮೊದಲು ಇಲ್ಲಿ ಬೆಳೆದಿದ್ದ ಅಟ್ಲಾಂಟಿಕ್ ಅರಣ್ಯದ ತುಣುಕೊಂದು ಅಲ್ಲಿ ಉಳಿದಿದೆ. ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಬಿಸಿಲು ಮಾಯವಾಗುತ್ತದೆ. ವಾಹನಗಳ ಸದ್ದು ದೂರದ ಮೊರೆತದಂತೆ ಕೇಳುತ್ತದೆ.

ಉದ್ಯಾನದ ಎದುರಿಗೆ ಸಾವೊ ಪೌಲೊ ಕಲಾಸಂಗ್ರಹಾಲಯವಿದೆ. ಹಿಂದೆ ಅದೇ ಸ್ಥಳದಲ್ಲಿ ಸಿರಿವಂತರ ಔತಣಕೂಟಗಳು ನಡೆಯುತ್ತಿದ್ದ ವಿಹಾರಸ್ಥಾನವಿತ್ತು. ಅಲ್ಲಿ ನಿಂತರೆ ಕಣಿವೆಯೂ ಅದರಾಚೆಯ ಹಳೆಯ ನಗರವೂ ಕಾಣುತ್ತಿದ್ದುವು. 1914ರಲ್ಲಿ ರೋಮ್ ನಗರದಲ್ಲಿ ಹುಟ್ಟಿ, 1946ರಲ್ಲಿ ಬ್ರೆಜಿಲಿಗೆ ಬಂದು ನೆಲೆಸಿದ ಲೀನಾ ಬೊ ಬಾರ್ಡಿ ಎಂಬ ವಾಸ್ತುಶಿಲ್ಪಿ ಆ ನೋಟವನ್ನು ಮುಚ್ಚದೆ, ಕಟ್ಟಡವನ್ನೇ ಮೇಲಕ್ಕೆತ್ತಿದರು. ಎರಡು ಬೃಹತ್ ತೊಲೆಗಳು ಚಿತ್ರಶಾಲೆಯ ಭಾರವನ್ನು ಹೊತ್ತಿವೆ. ಅದರ ಕೆಳಗೆ 74 ಮೀಟರ್ ಅಗಲದವರೆಗೆ ನಡುವೆ ಒಂದು ಕಂಬವೂ ಇಲ್ಲ. 1968ರಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಅವರ ಸಮ್ಮುಖದಲ್ಲಿ ಈ ಕಟ್ಟಡದ ಉದ್ಘಾಟನೆ ನಡೆಯಿತು. ಒಂದು ಗೇಣು ನೆಲಕ್ಕೂ ಅಪಾರ ಬೆಲೆಯಿರುವ ಕಡೆ ಇಷ್ಟು ದೊಡ್ಡ ಬಯಲನ್ನು ಬರಿದಾಗಿ ಬಿಟ್ಟುದು ಸಾಮಾನ್ಯ ಸಂಗತಿಯಲ್ಲ. ಬಿಸಿಲಲ್ಲಿ ಬಂದವರು ಆ ನೆರಳಿನಲ್ಲಿ ಕುಳಿತುಕೊಳ್ಳುತ್ತಾರೆ. ದೂರು ಹೇಳಬೇಕಾದವರು ಅಲ್ಲಿಯೇ ಸೇರುತ್ತಾರೆ.

ದೂರು ಹೇಳುವ ಸ್ಥಳವೂ ಊರಿಗೆ ಬೇಕು. 2013ರ ಜೂನ್ ತಿಂಗಳಲ್ಲಿ ನಗರದ ಬಸ್ ಪ್ರಯಾಣದರವು 3 ರಿಯಾಲ್‌ಗಳಿಂದ 3 ರಿಯಾಲ್ 20 ಸೆಂಟಾವೊಗಳಿಗೆ ಏರಿತು. ದಿನವೂ ಎರಡು ಮೂರು ಬಸ್ಸು ಬದಲಿಸಿ ಕೆಲಸಕ್ಕೆ ಬರುವ ಬಡವನಿಗೆ ಆ 20 ಸೆಂಟಾವೊ ಅಲ್ಪವಲ್ಲ. ಯುವಜನರು ಪೌಲಿಸ್ಟಾ ಮಹಾವೀಥಿಯಲ್ಲಿ ನೆರೆದರು. ಪೊಲೀಸರ ಬಲಪ್ರಯೋಗಕ್ಕೆ ಗುರಿಯಾದರೂ ಮರಳಿ ಬಂದರು. ಪ್ರತಿಭಟನೆಯು ದೇಶವ್ಯಾಪಿಯಾಯಿತು. ಅದೇ ತಿಂಗಳು 19ರಂದು ಏರಿಕೆಯನ್ನು ಹಿಂತೆಗೆದುಕೊಳ್ಳುವುದಾಗಿ ಅಧಿಕಾರಿಗಳು ಪ್ರಕಟಿಸಿದರು.

ಎರಡು ವರ್ಷಗಳ ತರುವಾಯ, 2015ರಲ್ಲಿ, ಭಾನುವಾರಗಳಂದು ಇಲ್ಲಿ ಮೋಟಾರು ವಾಹನಗಳನ್ನು ನಿಲ್ಲಿಸಿ ಬೀದಿಯನ್ನು ಪಾದಚಾರಿಗಳಿಗೆ ಬಿಟ್ಟುಕೊಡುವ ಏರ್ಪಾಡು ಪ್ರಾರಂಭವಾಯಿತು. ರೋಗಿಗಳು ಆಸ್ಪತ್ರೆ ತಲುಪುವುದು ಹೇಗೆ, ನಿವಾಸಿಗಳು ಮನೆ ಸೇರುವುದು ಹೇಗೆ ಎಂಬ ಆಕ್ಷೇಪಗಳೆದ್ದವು. ಅವು ಉಪೇಕ್ಷಿಸತಕ್ಕ ಪ್ರಶ್ನೆಗಳಲ್ಲ. ಆದರೂ ಏರ್ಪಾಡು ನಿಂತಿತು. 2016ರಲ್ಲಿ ನಗರದ ಕಾಯಿದೆಯಲ್ಲಿಯೂ ಸ್ಥಾನ ಪಡೆಯಿತು. ಭಾನುವಾರ ಇಲ್ಲಿ ಮಕ್ಕಳು ನಡುಬೀದಿಯಲ್ಲಿ ಸೈಕಲ್ ಕಲಿಯುತ್ತಾರೆ. ವಾದ್ಯಗಾರರ ಸುತ್ತ ಜನರು ವೃತ್ತವಾಗಿ ನಿಲ್ಲುತ್ತಾರೆ. ವೃದ್ಧ ದಂಪತಿಗಳು ಸಂಕೋಚವಿಲ್ಲದೆ ಹೆಜ್ಜೆ ಹಾಕುತ್ತಾರೆ. ಎಳನೀರು, ಬೇಯಿಸಿದ ಮುಸುಕಿನ ಜೋಳಗಳ ವ್ಯಾಪಾರ ಭರದಿಂದ ಸಾಗುತ್ತದೆ. ಊರಂಚಿನ ದೂರದ ಬಡಾವಣೆಗಳಿಂದ ರೈಲೇರಿ ಬಂದ ಕುಟುಂಬಗಳೂ ಈ ಸಂಭ್ರಮದಲ್ಲಿ ಸೇರುತ್ತವೆ.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಬ್ಯಾಂಕುಗಳ ಮೆಟ್ಟಿಲ ಬಳಿ ಕಂಬಳಿ ಹೊದ್ದು ಮಲಗುವ ನಿರಾಶ್ರಿತರು ಇಂದಿಗೂ ಇದ್ದಾರೆ. ಅವರಿಗೆ ಈ ಬೀದಿಯು ವಿಹಾರಸ್ಥಳವಾಗಿರದೆ ವಾಸಸ್ಥಳವೇ ಆಗಿದೆ. ನಗರವೊಂದರ ಹಿರಿಮೆಯನ್ನು ನಾವು ಸಾಮಾನ್ಯವಾಗಿ ಅದರ ಕಟ್ಟಡಗಳ ಎತ್ತರದಿಂದ ಅಳೆಯುತ್ತೇವೆ. ಕಟ್ಟಬಹುದಾದ ಕಡೆ ಕಟ್ಟದೆ ಉಳಿಸಿದ ಬಯಲು, ವಾಹನಗಳಿಂದ ಬಿಡಿಸಿಕೊಂಡ ಒಂದು ದಿನ, ಹಣವಿಲ್ಲದವನೂ ಕುಳಿತುಕೊಳ್ಳಬಹುದಾದ ಒಂದು ನೆರಳು—ಇವನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂಬುದನ್ನು ಪೌಲಿಸ್ಟಾ ಮಹಾವೀಥಿಯು ಕಲಿಸುತ್ತದೆ. ಸೋಮವಾರ ಬೆಳಗಾಗುವಾಗ ಬೀದಿಯು ಮತ್ತೆ ವಾಹನಗಳ ವಶದಲ್ಲಿರುತ್ತದೆ. ಮುಂದಿನ ಭಾನುವಾರ ಜನರು ಮತ್ತೆ ಬಂದು ತಮ್ಮ ಪಾಲನ್ನು ಪಡೆದುಕೊಳ್ಳುತ್ತಾರೆ.