ಹಾವು ಮತ್ತು ಆನೆ: ಒಂದು ಪ್ರತ್ಯಯ ಪಾಠದ ಅನುಭವ

ಒಂಬತ್ತನೇ ತರಗತಿಗೆ ಪ್ರತ್ಯಯ ಪಾಠವನ್ನು ಮಕ್ಕಳಿಗೆ ಬಾರದ ಭಾಷೆಯಿಂದಲೇ ಆರಂಭಿಸಿದೆ. ದಿನವೂ ಆಡುವ ಮಾತಿನಲ್ಲಿ ಪ್ರತ್ಯಯ ಕಣ್ಣಿಗೆ ಬೀಳುವುದಿಲ್ಲ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ. ‘ಎ’ಕಾರ ಸೇರಿಸಿ ಓದುವುದು ಇಂದಿನ ವಿದ್ವಾಂಸರ ಅನುಕೂಲ ಎಂದು ಮೊದಲೇ ತಿಳಿಸಿ, ಕಪ್ಪುಹಲಗೆಯ ಮೇಲೆ ಬರೆದೆ:

ಪೆರ್ – ಮನೆ
ಪೆರೆಫ್ – ಅವನ ಮನೆ
ಪೆರೆಸ್ – ಅವಳ ಮನೆ
ಸೆಜೆಮೆಫ್ – ಅವನು ಕೇಳುತ್ತಾನೆ

‘ಸೆಜೆಮೆಸ್’ ಎಂದರೇನು ಎಂದು ಕೇಳಿದೆ. ‘ಅವಳು ಕೇಳುತ್ತಾಳೆ’ ಎಂದು ಮಕ್ಕಳೇ ಹೇಳಿದರು. ‘ಫ್’ಗೆ ಕೊಂಬಿನ ಹಾವಿನ ಚಿತ್ರ ಬರೆದು, “ಇದು ನಮ್ಮ ‘ಕೇಳುತ್ತಾನೆ’ಯ ‘ಆನೆ’ ಇದ್ದಂತೆ” ಎಂದೆ. “ಅಲ್ಲಿ ಹಾವು, ಇಲ್ಲಿ ಆನೆ!” ಎಂದ ಒಬ್ಬ. ಎಲ್ಲರೂ ನಕ್ಕರು.

ನಾನು ಎಡವಿದ್ದು ಅಲ್ಲೇ. ‘ರೆಮೆಚ್’ ಎಂದರೆ ಮನುಷ್ಯ, ಕ್ರಿಯಾಪದ ಮೊದಲು ಬರುತ್ತದೆ ಎಂದು ತಿಳಿಸಿ, ‘ಮನುಷ್ಯನು ಕೇಳುತ್ತಾನೆ’ ಬರೆಯಲು ಹೇಳಿದೆ. ಮಕ್ಕಳು ‘ಸೆಜೆಮೆಫ್ ರೆಮೆಚ್’ ಎಂದು ಬರೆದರು; ನಾನು ಸರಿ ಗುರುತು ಹಾಕಿದೆ. ಸರಿಯಾದುದು ‘ಸೆಜೆಮ್ ರೆಮೆಚ್’. ಆ ‘ಫ್’ ಸ್ವತಃ ಸರ್ವನಾಮ. ಕರ್ತೃವಾಗಿ ನಾಮಪದ ಬಂದರೆ ಅದು ಜಾಗ ಬಿಡುತ್ತದೆ. ನಮ್ಮ ‘ಆನೆ’ ಕರ್ತೃಪದ ಇದ್ದರೂ ಉಳಿಯುತ್ತದೆ.

ಮರುದಿನ ತಪ್ಪು ನನ್ನದೆಂದು ಒಪ್ಪಿಕೊಂಡು ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಬರೆದೆ. “ಹಾಗಾದ್ರೆ ನಮ್ಮ ಆನೆ ಯಾಕೆ ಹೋಗಲ್ಲ ಮಿಸ್?” ಎಂದಳು ಒಬ್ಬ ಹುಡುಗಿ. ಕರ್ತೃವಿಗೆ ಕ್ರಿಯಾಪದ ಹೊಂದಿಕೊಳ್ಳುವ ಪಾಠ ಆ ಪ್ರಶ್ನೆಯಿಂದಲೇ ಶುರುವಾಯಿತು.

ಈಗ ಪಾಠಯೋಜನೆಯಲ್ಲಿ ಪ್ರತಿ ಹೋಲಿಕೆಯ ಪಕ್ಕದಲ್ಲೂ ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳುತ್ತೇನೆ.