ಪೆಡಲ್ ಸ್ಟೀಲ್ ಗಿಟಾರ್‌ನ ನಾದ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಅಮೆರಿಕದ ಕಂಟ್ರಿ ಹಾಡುಗಳಲ್ಲಿ ಕೇಳುವ ಪೆಡಲ್ ಸ್ಟೀಲ್ ಗಿಟಾರ್ ನನಗೆ ಪ್ರಾಣ. ಎಮನ್ಸ್, ಶೋ-ಬಡ್, ಫೆಂಡರ್, ಎಂಎಸ್‌ಎ ಹೀಗೆ ಒಂದೊಂದು ಕಂಪನಿಯ ವಾದ್ಯಕ್ಕೂ ಒಂದೊಂದು ನಾದ ಎನ್ನುತ್ತಾರೆ. ನಿಜವಾಗಿ ಅಷ್ಟು ವ್ಯತ್ಯಾಸ ಇದೆಯೇ? ಇದ್ದರೆ ಅದು ಮರದಿಂದಲೋ, ಯಂತ್ರದಿಂದಲೋ, ನುಡಿಸುವ ಕೈಯಿಂದಲೋ? ಡಾಲಸ್‌ನಲ್ಲಿರುವ ಮಗಳು ಹಳೆಯದೊಂದು ಕೊಡಿಸುತ್ತೇನೆ ಎನ್ನುತ್ತಿದ್ದಾಳೆ. ಯಾವುದನ್ನು ಕೇಳಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ವ್ಯತ್ಯಾಸ ಇರುವುದು ನಿಜ. ಅದರ ಮೂಲವನ್ನು ಮಾತ್ರ ಹೆಚ್ಚಿನವರು ಮರದಲ್ಲಿ ಹುಡುಕುತ್ತಾರೆ. ನಮ್ಮಲ್ಲೂ ವೀಣೆಯ ಮಾತು ಬಂದರೆ ಮೊದಲು ಕೇಳುವುದು ಹಲಸಿನ ಮರ ಎಷ್ಟು ಹಳೆಯದು ಎಂದೇ. ವೀಣೆಗೆ ಟೊಳ್ಳು ಕೊಡವಿದೆ, ದನಿಯನ್ನು ದೊಡ್ಡದು ಮಾಡುವ ಕೆಲಸ ಮರದ್ದೇ, ಹಾಗಾಗಿ ಆ ಪ್ರಶ್ನೆ ಸರಿ. ಪೆಡಲ್ ಸ್ಟೀಲ್‌ಗೆ ಕೊಡವಿಲ್ಲ. ನಾಲ್ಕು ಕಾಲಿನ ಮೇಲೆ ನಿಂತ ಗಟ್ಟಿ ಮೇಪಲ್ ಮರದ ಚೌಕಟ್ಟು, ಮೇಲೆ ಹತ್ತು ತಂತಿ, ಕೆಳಗೆ ಸರಳುಗಳು, ಸನ್ನೆಗಳು. ತಂತಿಯ ಕಂಪನವನ್ನು ಪಿಕಪ್ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುತ್ತದೆ. ಮರದ ಪಾಲು ಇದೆ, ಆದರೆ ಅದು ಮೊದಲ ಸ್ಥಾನದಲ್ಲಿಲ್ಲ. ತಂತಿಯ ಬಲತುದಿ ಯಾವುದರ ಮೇಲೆ ಕೂತಿದೆ, ಎಷ್ಟು ಭದ್ರವಾಗಿ ಕೂತಿದೆ ಎಂಬುದೇ ಮೊದಲ ವಿಚಾರ.

ಈ ವಾದ್ಯದ ತಂತಿಗಳು ನುಡಿಯುತ್ತಿರುವಾಗಲೇ ಶ್ರುತಿ ಬದಲಿಸುತ್ತವೆ. ನ್ಯಾಶ್‌ವಿಲ್‌ನಲ್ಲಿ ರೂಢಿಯಾಗಿರುವ ಇ-9 ಶ್ರುತಿಯನ್ನು ನಮ್ಮ ಸ್ವರಗಳಲ್ಲಿ ಹೇಳುತ್ತೇನೆ. ಇ ಎಂಬುದನ್ನು ಷಡ್ಜ ಎಂದಿಟ್ಟುಕೊಳ್ಳಿ. ಮೂರು ತಂತಿ ಮೀಟಿದರೆ ಸ, ಅಂತರ ಗಾಂಧಾರ, ಪ ಕೇಳುತ್ತವೆ. ಈಗ ಎಡಗಾಲಿನಿಂದ ಎ ಮತ್ತು ಬಿ ಎಂಬ ಎರಡು ಪೆಡಲ್‌ಗಳನ್ನು ಒಟ್ಟಿಗೆ ಒತ್ತಿ. ಪಂಚಮ ಜಾರಿಕೊಂಡು ಚತುಶ್ರುತಿ ಧೈವತಕ್ಕೆ ಏರುತ್ತದೆ, ಗಾಂಧಾರ ಶುದ್ಧ ಮಧ್ಯಮಕ್ಕೆ ಏರುತ್ತದೆ, ಷಡ್ಜ ಅಲ್ಲೇ ನಿಲ್ಲುತ್ತದೆ. ಎರಡು ಸ್ವರ ಚಲಿಸುತ್ತಿರುವಾಗ ಒಂದು ಕದಲದೆ ನಿಂತಿರುವುದರಿಂದಲೇ ಆ ಕರುಳು ಹಿಂಡುವ ದನಿ ಹುಟ್ಟುವುದು. ಹವಾಯಿಯನ್ ಗಿಟಾರ್‌ನಲ್ಲೋ ನಮ್ಮ ಚಿತ್ರವೀಣೆಯಲ್ಲೋ ಬರಿಯ ಜಾರುಕಂಬಿಯಿಂದ ಇದು ಸಾಧ್ಯವಿಲ್ಲ, ಅಲ್ಲಿ ಕಂಬಿ ಸರಿದರೆ ಅದರಡಿಯ ಎಲ್ಲ ತಂತಿಗಳೂ ಒಟ್ಟಿಗೆ ಸರಿಯುತ್ತವೆ. ಮೊದಲೆಲ್ಲ ಪೆಡಲ್ ಇದ್ದದ್ದು ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ. ವೆಬ್ ಪಿಯರ್ಸ್ ಹಾಡಿ 1954ರಲ್ಲಿ ಜನಪ್ರಿಯವಾದ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಅವರ ಮುಂದಿದ್ದದ್ದು ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಮಾಡಿಕೊಟ್ಟ ವಾದ್ಯ. ಆ ಹಾಡು ಕೇಳಿದ ಸ್ಟೀಲ್ ವಾದಕರೆಲ್ಲ ತಮಗೂ ಪೆಡಲ್ ಬೇಕು ಎಂದು ಹೊರಟರು.

ಹಾಗೆ ತಂತಿಯನ್ನು ಎಳೆಯುವ, ಸಡಿಲಿಸುವ ಭಾಗಕ್ಕೆ ಚೇಂಜರ್ ಎನ್ನುತ್ತಾರೆ. ವೀಣೆಯ ಕುದುರೆ ಇರುವ ಜಾಗದಲ್ಲಿ ಇದು ಕೂತಿರುತ್ತದೆ. ಒಂದೊಂದು ತಂತಿಗೂ ಬೆರಳಿನಂತೆ ಬಾಗಿದ ಒಂದೊಂದು ಲೋಹದ ತುಂಡು, ತಂತಿ ಅದರ ತಲೆಯ ಮೇಲೆ ಹಾದು ಕೆಳಗಿಳಿಯುತ್ತದೆ. ಬೆರಳು ಒಂದು ಕಡೆ ತಿರುಗಿದರೆ ಶ್ರುತಿ ಏರುತ್ತದೆ, ಇನ್ನೊಂದು ಕಡೆ ತಿರುಗಿದರೆ ಇಳಿಯುತ್ತದೆ. ಈ ಬೆರಳು ಸುಮ್ಮನಿರುವಾಗ ಹೇಗೆ ನಿಂತಿರುತ್ತದೆ ಎಂಬುದರಲ್ಲೇ ಎಮನ್ಸ್‌ಗೂ ಉಳಿದವರಿಗೂ ಇರುವ ವ್ಯತ್ಯಾಸದ ಬಹುಪಾಲು ಇದೆ.

ಬಡಿ ಎಮನ್ಸ್ ಈ ವಾದ್ಯದ ಅತಿ ದೊಡ್ಡ ಕಲಾವಿದ ಎಂಬುದು ನನ್ನ ಖಚಿತ ಅಭಿಪ್ರಾಯ. 1950ರ ದಶಕದಲ್ಲಿ ಶಾಟ್ ಜಾಕ್ಸನ್ ಜೊತೆ ಸೇರಿ ಅವರು ಶೋ-ಬಡ್ ಆರಂಭಿಸಿದರು, ಇಬ್ಬರ ಹೆಸರೂ ಅದರಲ್ಲಿವೆ. 1963ರಲ್ಲಿ ಅಲ್ಲಿಂದ ಹೊರಬಂದು, ರಾನ್ ಲ್ಯಾಶ್ಲಿ ಜೊತೆ ಎಮನ್ಸ್ ಕಂಪನಿ ಕಟ್ಟಿದರು. ಅದರ ಕಾರ್ಖಾನೆ ನಾರ್ತ್ ಕ್ಯಾರೊಲೈನಾದ ಬರ್ಲಿಂಗ್ಟನ್‌ನಲ್ಲಿತ್ತು. ಅವರ ಪುಶ್-ಪುಲ್ ವಾದ್ಯದಲ್ಲಿ ಒಂದು ಸರಳು ಬೆರಳನ್ನು ಎಳೆದು ಶ್ರುತಿ ಏರಿಸುತ್ತದೆ, ಇನ್ನೊಂದು ತಳ್ಳಿ ಇಳಿಸುತ್ತದೆ. ಪೆಡಲ್ ಬಿಟ್ಟಾಗ ಬೆರಳು ಹೋಗಿ ದೇಹಕ್ಕೆ ಭದ್ರವಾಗಿ ಒರಗಿ ನಿಲ್ಲುತ್ತದೆ. ತಂತಿಗೂ ಮರಕ್ಕೂ ನಡುವೆ ಸಡಿಲು ಎಂಬುದಿಲ್ಲ. ಅದಕ್ಕೇ ಮೀಟಿದ ತಕ್ಷಣ ಸ್ವರ ಚೂಪಾಗಿ ಎದ್ದು ಬರುತ್ತದೆ, ಕೆಳಗಿನ ದಪ್ಪ ತಂತಿಗಳಲ್ಲೂ ಗೊಂದಲವಿಲ್ಲ, ಒಟ್ಟಿಗೆ ನುಡಿದ ಮೂರು ಸ್ವರಗಳಲ್ಲಿ ಒಂದೊಂದನ್ನೂ ಬಿಡಿಸಿ ಕೇಳಬಹುದು. ಇದಕ್ಕೆ ತೆರಬೇಕಾದ ಬೆಲೆ ಹೊಂದಾಣಿಕೆಯ ಕಷ್ಟ. ಒಂದೇ ತಂತಿಗೆ ಎರಡು ಮೂರು ಬದಲಾವಣೆ ಜೋಡಿಸಬೇಕಾದರೆ ವಾದ್ಯವನ್ನು ಬೋರಲು ಹಾಕಿ, ಒಂದನ್ನು ಸರಿಮಾಡಿದರೆ ಇನ್ನೊಂದು ತಪ್ಪುವ ಕಾಟದಲ್ಲಿ ಗಂಟೆಗಟ್ಟಲೆ ಕೂರಬೇಕು. ಬಲ್ಲವರು ಹತ್ತಿರದಲ್ಲಿಲ್ಲದಿದ್ದರೆ ಇದು ಸಣ್ಣ ತೊಂದರೆಯಲ್ಲ.

ಆಲ್-ಪುಲ್ ಎಂಬ ಇನ್ನೊಂದು ಬಗೆಯಲ್ಲಿ ಏರಿಸುವುದೂ ಇಳಿಸುವುದೂ ಎಳೆತದಿಂದಲೇ. ಬೆರಳು ಎರಡು ತುಂಡಾಗಿ ಕತ್ತರಿಯ ಅಲಗುಗಳಂತೆ ಜೋಡಿಸಿಕೊಂಡಿರುತ್ತದೆ, ಸ್ಪ್ರಿಂಗ್ ಅದನ್ನು ತನ್ನ ಜಾಗಕ್ಕೆ ತರುತ್ತದೆ. ಬಲಬದಿಯ ಪಟ್ಟಿಯಲ್ಲಿ ಸಾಲಾಗಿರುವ ನೈಲಾನ್ ನಟ್ಟುಗಳನ್ನು ಕೂತಲ್ಲಿಂದಲೇ ತಿರುಗಿಸಿ ಪ್ರತಿಯೊಂದು ಬದಲಾವಣೆಗೂ ಬೇರೆಯಾಗಿ ಶ್ರುತಿ ಕೊಡಬಹುದು. ಇಷ್ಟು ಅನುಕೂಲವಿರುವುದರಿಂದಲೇ ಮುಲನ್, ಜಮ್, ಕಾರ್ಟರ್ ಮೊದಲಾದ ಈಚಿನ ತಯಾರಕರೆಲ್ಲ ಈ ದಾರಿ ಹಿಡಿದರು. ಎಮನ್ಸ್ ಕಂಪನಿಯೂ ತನ್ನ ಲೆಗ್ರಾಂಡ್ ಮಾದರಿಯಲ್ಲಿ ಇದನ್ನೇ ಒಪ್ಪಿಕೊಂಡಿತು. ಆದರೆ ತಂತಿಗೂ ದೇಹಕ್ಕೂ ನಡುವೆ ಒಂದು ಕೀಲು, ಒಂದು ಸ್ಪ್ರಿಂಗ್ ಹೆಚ್ಚಾಯಿತು. ನನ್ನ ಕಿವಿಗೆ ಪುಶ್-ಪುಲ್‌ನ ಆ ಮೊದಲ ಮೀಟಿನ ಕಸುವು ಆಲ್-ಪುಲ್‌ನಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ಒಳ್ಳೆಯ ಕೆಲಸಗಾರಿಕೆಯ ಆಲ್-ಪುಲ್‌ಗಳಲ್ಲಿ ಅದನ್ನು ಗುರುತಿಸಲು ತುಂಬ ಗಮನವಿಟ್ಟು ಕೇಳಬೇಕು.

ಶೋ-ಬಡ್ ಸೊಗಸು ಬೇರೆಯೇ. ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯಲ್ಲಿ ಅವರ ಅಂಗಡಿಯಿತ್ತು. ಮೇಪಲ್ ಮರದ ಕಣ್ಣುಕಣ್ಣಿನ ನಾರು ಕಾಣುವಂತೆ ಲ್ಯಾಕರ್ ಬಳಿದು, ಮನೆಗಳ ಗುರುತಿಗೆ ಇಸ್ಪೀಟಿನ ಆಟೀನು, ಇಸ್ಪೀಟು, ಡೈಮಂಡು, ಕಳಾವರ ಕೂರಿಸಿದ ಹಳೆಯ ಶೋ-ಬಡ್ ಕಣ್ಣಿಗೇ ಹಬ್ಬ. ಎಮನ್ಸ್‌ನ ಮೈಗೆ ಸಾಮಾನ್ಯವಾಗಿ ಕಪ್ಪು ಮೈಕಾ ಹೊದಿಕೆ. ಶೋ-ಬಡ್‌ನ ನಾದದಲ್ಲಿ ಮಧ್ಯದ ಸ್ತರ ತುಂಬಿಕೊಂಡಿರುತ್ತದೆ, ಅಂಚುಗಳು ದುಂಡಗೆ, ಹಾಡುವವರ ಗಂಟಲಿಗೆ ಹತ್ತಿರ. ಲಾಯ್ಡ್ ಗ್ರೀನ್ ಅದರಲ್ಲಿ ಏನು ಮಾಡಿದರು ಎಂದು ತಿಳಿಯಬೇಕಾದರೆ ಬರ್ಡ್ಸ್ ತಂಡದ 1968ರ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ’ ಕೇಳಿ. ಮುಂದೆ ಶೋ-ಬಡ್ ಅವರ ಹೆಸರಿನಲ್ಲೇ ಎಲ್‌ಡಿಜಿ ಎಂಬ ಮಾದರಿ ತಂದಿತು, ಎರಡು ಕತ್ತಿನ, ಅಂದರೆ ತಂತಿಗಳ ಎರಡು ಸಾಲು ಹಿಡಿಸುವ, ದೇಹದಲ್ಲಿ ಒಂದೇ ಕತ್ತು, ಇನ್ನೊಂದರ ಜಾಗದಲ್ಲಿ ಕೈ ಊರುವ ಮೆತ್ತೆ. ಹಿರಿದಾದ ಆ ದೇಹವೂ ನಾದಕ್ಕೆ ಸಹಾಯ ಮಾಡುತ್ತದೆ ಎಂದು ನಂಬುವವರಿದ್ದಾರೆ, ನಾನೂ ನಂಬುತ್ತೇನೆ.

ಫೆಂಡರ್ 1957ರಲ್ಲಿ ತಂದ 1000 ಮಾದರಿಯಲ್ಲಿ ಪೆಡಲ್‌ನಿಂದ ಚೇಂಜರ್‌ಗೆ ಸರಳಿಲ್ಲ, ಉಕ್ಕಿನ ಕೇಬಲ್ ಇದೆ. ಕತ್ತಿಗೆ ಎಂಟೇ ತಂತಿ, ದನಿ ತೆಳುವು, ಮಿಂಚಿನಷ್ಟು ಚುರುಕು. ಬೇಕರ್ಸ್‌ಫೀಲ್ಡ್ ಶೈಲಿಯ ಕುಣಿಯುವ ಹಾಡುಗಳಿಗೆ ರಾಲ್ಫ್ ಮೂನಿ ಕೈಯಲ್ಲಿ ಅದು ಹೇಳಿಮಾಡಿಸಿದಂತಿತ್ತು. ಡಾಲಸ್‌ನಲ್ಲಿ ಮಾರಿಸ್ ಆಂಡರ್ಸನ್ ಮತ್ತು ಜೊತೆಗಾರರು ಕಟ್ಟಿದ ಎಂಎಸ್‌ಎ ಇದಕ್ಕೆ ತದ್ವಿರುದ್ಧ: ಭಾರ, ನಿಖರ ಯಂತ್ರಗೆಲಸ, ನೇರವಾದ ಶುದ್ಧ ದನಿ. ಕೆಲವರಿಗೆ ಅದು ಸಪ್ಪೆ ಅನಿಸುತ್ತದೆ, ನನಗೆ ಅನಿಸುವುದಿಲ್ಲ.

ಪಿಕಪ್ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಪೆಡಲ್ ಸ್ಟೀಲ್‌ನ ಪಿಕಪ್‌ಗೆ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ಗಿಂತ ಬಹಳ ಹೆಚ್ಚು ಸುತ್ತು ತಂತಿ ಇರುತ್ತದೆ. ಅಲ್ಲಿ 6ರಿಂದ 8 ಕಿಲೋ ಓಮ್ ಇದ್ದರೆ ಇಲ್ಲಿ 17ರಿಂದ 20. ಪಿಕಪ್ ಬದಲಿಸಿದರೆ ಅದೇ ವಾದ್ಯ ಬೇರೆ ಕಂಪನಿಯದರಂತೆ ಕೇಳಬಹುದು. ಕತ್ತು ಅಲ್ಯೂಮಿನಿಯಂ ಆಗಿದ್ದರೆ ದನಿಗೆ ಹೊಳಪು ಹೆಚ್ಚು, ಮರದ್ದಾದರೆ ಬಿಸುಪು ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೆ ಕೈಯ ಮಾತು. ಎಡಗೈಯ ಉಕ್ಕಿನ ಕಂಬಿ ತಂತಿಯ ಮೇಲೆ ಎಷ್ಟು ಭಾರ ಹಾಕುತ್ತದೆ, ಬಲಗೈ ಕುದುರೆಯಿಂದ ಎಷ್ಟು ದೂರದಲ್ಲಿ ಮೀಟುತ್ತದೆ, ಬಲಗಾಲು ವಾಲ್ಯೂಮ್ ಪೆಡಲ್‌ನಲ್ಲಿ ಸ್ವರವನ್ನು ಹೇಗೆ ಕಾಪಾಡುತ್ತದೆ, ನಾದದ ದೊಡ್ಡ ಪಾಲು ಇವುಗಳದ್ದು. ಅನುಭವಿಗಳು ಪೆಡಲನ್ನು ಅರ್ಧಕ್ಕಿಟ್ಟು ಮೀಟುತ್ತಾರೆ, ಸ್ವರ ಕ್ಷೀಣಿಸುತ್ತ ಬಂದಂತೆ ಮೆಲ್ಲಗೆ ಒತ್ತುತ್ತಾರೆ. ಎಮನ್ಸ್ ಯಾವ ಕಂಪನಿಯ ವಾದ್ಯದ ಮುಂದೆ ಕೂತರೂ ಎಮನ್ಸ್ ಎಂದೇ ಗುರುತು ಸಿಗುತ್ತಿತ್ತು.

ನಿಮ್ಮ ಮಗಳಿಗೆ ಹೇಳಬೇಕಾದದ್ದು ಹೀಗಿದೆ. ಹೆಸರಿಗಾಗಿ ಹಣ ಸುರಿಯುವುದು ಬೇಡ. ಪುಶ್-ಪುಲ್ ಎಷ್ಟೇ ಇಷ್ಟವಾದರೂ ಶಿವಮೊಗ್ಗದಲ್ಲಿ ಅದನ್ನು ಸರಿಮಾಡುವವರು ಸಿಗುವುದು ಕಷ್ಟ, ಆಲ್-ಪುಲ್ ಸಾಕು. ಒಂದು ಕತ್ತು, ಹತ್ತು ತಂತಿ, ಮೂರು ಪೆಡಲ್, ಮಂಡಿಯಿಂದ ತಳ್ಳುವ ಸನ್ನೆ ಕನಿಷ್ಠ ನಾಲ್ಕು ಇರಲಿ. ಎರಡು ಕತ್ತಿನ ವಾದ್ಯ ಪೆಟ್ಟಿಗೆ ಸಹಿತ 30 ಕಿಲೋ ಆಸುಪಾಸು ತೂಗುತ್ತದೆ, ವಿಮಾನದಲ್ಲಿ ತರುವುದು ತ್ರಾಸ. ಕೊಳ್ಳುವ ಮುನ್ನ ಅವಳು ಒಂದು ಪರೀಕ್ಷೆ ಮಾಡಲೇಬೇಕು. ಎಲೆಕ್ಟ್ರಾನಿಕ್ ಟ್ಯೂನರ್ ಜೋಡಿಸಿ ನಾಲ್ಕನೆಯ ತಂತಿ, ಅಂದರೆ ಷಡ್ಜ, ಮೀಟಲಿ. ಅದು ನುಡಿಯುತ್ತಿರುವಾಗ ಎ, ಬಿ ಪೆಡಲ್ ಎರಡನ್ನೂ ಒತ್ತಲಿ. ಷಡ್ಜ ಕದಲಬಾರದು. ಪೆಡಲ್ ಎಳೆತಕ್ಕೆ ಚೌಕಟ್ಟು ಬಾಗಿದರೆ ಮುಳ್ಳು ಕೆಳಗಿಳಿಯುತ್ತದೆ. ಸೂಕ್ಷ್ಮವಾಗಿ ಇಳಿದರೆ ಪರವಾಗಿಲ್ಲ, ಸೆಮಿಟೋನಿನ ನೂರರಲ್ಲಿ ಐದು ಭಾಗ ದಾಟಿದರೆ ಎಷ್ಟೇ ಚೆಂದದ ವಾದ್ಯವಾದರೂ ಬಿಟ್ಟುಬರಲಿ. ಜೊತೆಗೆ .011 ಇಂಚಿನ ಸಾದಾ ತಂತಿಗಳನ್ನು ಧಾರಾಳವಾಗಿ ಕಟ್ಟಿಕೊಡಲು ಹೇಳಿ, ಎಲ್ಲಕ್ಕಿಂತ ಮೊದಲು ತುಂಡಾಗುವುದು ಆ ಮೂರನೆಯ ತಂತಿಯೇ.