ಗಿರಿದುರ್ಗ ಸಂದರ್ಶನ

ಮಾದಿಹಳ್ಳಿಯ ಕಡೆಯ ನಮ್ಮ ಬಾಲಿಕೆಯರಿಗೆ ಬೇಲೂರು ಹಳೇಬೀಡುಗಳ ಗುಡಿಗಳ ವಿಷಯವಾಗಿ ಹೊಸದಾಗಿ ಹೇಳತಕ್ಕದ್ದು ಬಹಳವಿಲ್ಲ. ಸಂತೆಗೂ ಜಾತ್ರೆಗೂ ಹೋಗಿಬರುವಾಗ ಚಿಕ್ಕಂದಿನಿಂದಲೂ ಅವುಗಳನ್ನು ನೋಡಿಯೇ ಬೆಳೆದವರು ಅವರು. ಆದುದರಿಂದ ಚರಿತ್ರೆಯ ಪಾಠಕ್ಕೆ ಸಹಾಯವಾಗುವಂತೆ ಒಂದು ದಿನದ ಸಂಚಾರವನ್ನು ಏರ್ಪಡಿಸಬೇಕಾಗಿ ಬಂದಾಗ ನಾವು ಗುಡಿಯನ್ನು ಬಿಟ್ಟು ಕೋಟೆಯನ್ನು ಆರಿಸಿಕೊಂಡೆವು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಆಗ ತರಗತಿಯಲ್ಲಿ ಮಧ್ಯಯುಗದ ಯೂರೋಪಿನ ಪಾಠ ನಡೆಯುತ್ತಿತ್ತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಬೆಟ್ಟದ ತುದಿಯ ಮೇಲೆ ನಿಂತಿರುವ ಕೋಟೆಗಳ ಚಿತ್ರವನ್ನು ತೋರಿಸುತ್ತಿರುವಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ಅಷ್ಟು ಮೇಲೆ ನೀರು ಎಲ್ಲಿಂದ ಬರುತ್ತಿತ್ತು?” ಎಂದು ಕೇಳಿದಳು. ದಿನವೂ ಕೊಡ ಹೊತ್ತು ನೀರು ತರುವ ಮನೆಯ ಹುಡುಗಿಗಲ್ಲದೆ ಇನ್ನಾರಿಗೆ ಆ ಪ್ರಶ್ನೆ ತೋಚೀತು? ನಮ್ಮ ಪಾಠದ ಟಿಪ್ಪಣಿಯಲ್ಲಿ ಅರಸರ ಹೆಸರುಗಳಿದ್ದವು, ಇಸವಿಗಳಿದ್ದವು. ನೀರಿನ ಮಾತೇ ಇರಲಿಲ್ಲ.

ಸೈಪ್ರಸ್ ದ್ವೀಪದ ಉತ್ತರದ ಅಂಚಿನಲ್ಲಿ ಸಮುದ್ರಕ್ಕೆ ಸಮಾನವಾಗಿ ಒಂದು ಬೆಟ್ಟಗಳ ಸಾಲು ಹಬ್ಬಿದೆ. ಅದರ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಸಂತ ಹಿಲೇರಿಯನ್, ಬುಫವೆಂಟೊ, ಕಂಟಾರ ಎಂಬ ಮೂರು ಕೋಟೆಗಳಿವೆ. ಮೊದಲನೆಯದಕ್ಕೆ ಆ ಬೆಟ್ಟದಲ್ಲಿ ತಪಸ್ಸು ಮಾಡಿದನೆನ್ನುವ ಒಬ್ಬ ಸಂನ್ಯಾಸಿಯ ಹೆಸರು ಬಂದಿದೆ. ಎರಡನೆಯದರ ಹೆಸರಿಗೆ ಗಾಳಿಯನ್ನು ಲೆಕ್ಕಿಸದುದು ಎಂದು ಅರ್ಥ. ಬಿಜಾಂಟಿಯಮ್ಮಿನ ಚಕ್ರವರ್ತಿಗಳ ಕಾಲದಲ್ಲಿ ಸಮುದ್ರದ ಕಳ್ಳರನ್ನು ದೂರದಿಂದಲೇ ಕಂಡು ಸೂಚನೆ ಕೊಡುವುದಕ್ಕೆ ಇವು ಒದಗುತ್ತಿದ್ದವು. 1191ರಲ್ಲಿ ಇಂಗ್ಲೆಂಡಿನ ಒಂದನೆಯ ರಿಚರ್ಡನು ದ್ವೀಪವನ್ನು ಗೆದ್ದ ತರುವಾಯ ಲೂಸಿನ್ಯಾನ್ ವಂಶದ ಫ್ರೆಂಚ್ ಅರಸರು ಇವುಗಳನ್ನು ಬಲಪಡಿಸಿದರು. ಸಂತ ಹಿಲೇರಿಯನ್ನಿನಲ್ಲಿ ಒಂದರ ಮೇಲೊಂದಾಗಿ ಮೂರು ಆವರಣಗಳು: ಕೆಳಗೆ ಸಿಪಾಯಿಗಳೂ ಕುದುರೆಗಳೂ, ನಡುವೆ ಪ್ರಾರ್ಥನಾಮಂದಿರ, ತುದಿಯಲ್ಲಿ ಅರಮನೆ. ಮಳೆಯ ನೀರನ್ನು ಕೂಡಿಡಲು ಗಾರೆಯ ತೊಟ್ಟಿಗಳನ್ನು ಕಟ್ಟಿದ್ದರು. ಹುಡುಗಿಯ ಪ್ರಶ್ನೆಗೆ ಉತ್ತರ ಇದೇ. ನದಿಯಿಲ್ಲ, ಊಟೆಯಿಲ್ಲ, ಆಕಾಶದಿಂದ ಬಿದ್ದುದನ್ನು ಹಿಡಿದಿಟ್ಟರೆ ಮಾತ್ರ ಜೀವ.

ನೀರಿದ್ದರೂ ಸಾಲದೆಂಬುದಕ್ಕೆ ಅದೇ ಕೋಟೆ ಸಾಕ್ಷಿ. 1229ರಲ್ಲಿ ದ್ವೀಪದ ಸರದಾರರಲ್ಲಿ ಎರಡು ಪಕ್ಷಗಳಾಗಿ, ಒಂದು ಪಕ್ಷದವರು ಹನ್ನೆರಡು ವರ್ಷದ ಬಾಲಕ ಅರಸ ಹೆನ್ರಿಯನ್ನು ತಮ್ಮ ವಶದಲ್ಲಿಟ್ಟುಕೊಂಡು ಸಂತ ಹಿಲೇರಿಯನ್ನಿನ ಬಾಗಿಲು ಹಾಕಿಕೊಂಡರು. ಇಬೆಲಿನ್ ಮನೆತನದವರು ಬೆಟ್ಟವನ್ನು ಸುತ್ತುಗಟ್ಟಿದರು. ಗೋಡೆಯನ್ನು ಯಾರೂ ಒಡೆಯಲಿಲ್ಲ. ಒಡೆಯುವ ಅವಶ್ಯವೂ ಬೀಳಲಿಲ್ಲ. ಮರುವರ್ಷ ಒಳಗಿದ್ದವರು ಹಸಿವಿಗೆ ಸೋತು ಇಳಿದು ಬಂದರು. ತನ್ನದಲ್ಲದ ಜಗಳದಲ್ಲಿ ಒಂದು ಚಳಿಗಾಲವನ್ನು ಆ ಬಂಡೆಯ ಮೇಲೆ ಕಳೆದ ಹುಡುಗನ ಸ್ಥಿತಿಯನ್ನು ಕೇಳಿ ನಮ್ಮ ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು.

ನಮ್ಮ ಪೂರ್ವಿಕರೂ ಈ ಶಾಸ್ತ್ರವನ್ನು ಬಲ್ಲವರೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೀರು, ಬೆಟ್ಟ, ಮರುಭೂಮಿ, ಕಾಡು ಇವುಗಳಿಂದ ರಕ್ಷಿತವಾದ ನಾಲ್ಕು ವಿಧದ ದುರ್ಗಗಳನ್ನು ಹೇಳಿದೆ. ಆದರೆ ನಮ್ಮ ನೆರೆಯ ದೋರಸಮುದ್ರ ಇವುಗಳಲ್ಲಿ ಯಾವುದಕ್ಕೂ ಸರಿಯಾಗಿ ಸೇರದು. ಹೊಯ್ಸಳರು ಬಯಲಿನಲ್ಲಿ ದೊಡ್ಡ ಕೆರೆಯ ಬಳಿ ರಾಜಧಾನಿಯನ್ನಿಟ್ಟು ಸುತ್ತಲೂ ಕಲ್ಲಿನ ಗೋಡೆಯನ್ನು ಕಟ್ಟಿದರು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದಾಗ ಮೂರನೆಯ ಬಲ್ಲಾಳನು ಶರಣಾಗಬೇಕಾಯಿತು. ನೀರಿಗೆ ಅಲ್ಲಿ ಕೊರತೆಯಿರಲಿಲ್ಲ. ಬಯಲಿನ ಪಟ್ಟಣಕ್ಕೆ ನೀರುಂಟು, ಎತ್ತರವಿಲ್ಲ. ಬೆಟ್ಟದ ಕೋಟೆಗೆ ಎತ್ತರವುಂಟು, ನೀರಿಲ್ಲ. ಕೋಟೆ ಕಟ್ಟಿದವರೆಲ್ಲರ ಚಿಂತೆಯೂ ಇವೆರಡರ ನಡುವೆಯೇ ತಿರುಗುತ್ತಿತ್ತೆಂದು ನಮಗೆ ತೋರುತ್ತದೆ.

ಇಷ್ಟು ಪಾಠದೊಡನೆ ನಾವು ಒಂದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬೇಲೂರಿನ ಮೇಲೆ ಸಕಲೇಶಪುರಕ್ಕೆ ಹೋಗಿ, ಅಲ್ಲಿಂದ ಮಂಗಳೂರಿನ ಹಾದಿಯಲ್ಲಿ ದೋಣಿಗಲ್ಲಿನ ಬಳಿ ಇಳಿದೆವು. ಎದುರಿನ ಗುಡ್ಡದ ಮೇಲೆ ಇರುವುದೇ ಮಂಜರಾಬಾದಿನ ಕೋಟೆ. ಸಮುದ್ರಮಟ್ಟದಿಂದ ಸುಮಾರು 3240 ಅಡಿ ಎಂದಾಗ, ಬುಫವೆಂಟೊ ಸಹ ಸುಮಾರು 3100 ಅಡಿಯೆಂದು ಪುಸ್ತಕದಲ್ಲಿ ಓದಿದ್ದ ಹುಡುಗಿಯರು ನಮ್ಮದೇ ಮೇಲೆಂದು ಹಿಗ್ಗಿದರು. ಈ ಲೆಕ್ಕ ಕೊಂಚ ಮೋಸದ್ದು. ಸಕಲೇಶಪುರವೇ ಸುಮಾರು ಮೂರು ಸಾವಿರ ಅಡಿಯ ಮೇಲಿದೆ. ನಾವು ಹತ್ತಿದ್ದು ಕೆಲವು ನೂರು ಮೆಟ್ಟಿಲು ಮಾತ್ರ. ಸೈಪ್ರಸಿನವರು ಕಡಲ ತಡಿಯಿಂದ ಹತ್ತಬೇಕು. ಇಷ್ಟಕ್ಕೇ ನಮ್ಮಲ್ಲಿ ಹಿರಿಯರು ಮೂರು ಕಡೆ ಕುಳಿತು ದಣಿವಾರಿಸಿಕೊಂಡರೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕಮಾನಿನ ಬಾಗಿಲುಗಳನ್ನು ಒಂದಾದ ಮೇಲೊಂದು ದಾಟಿ ಒಳಗೆ ಹೋಗಬೇಕು. ಅಲ್ಲಿ ತಲೆಯೆತ್ತಿ ನೋಡಿದರೆ ಮೇಲ್ಛಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಕೆತ್ತಿದ್ದಾರೆ: ಎಂಟು ಮೂಲೆಗಳ ಒಂದು ನಕ್ಷತ್ರ. ಒಳಗೆ ನಿಂತವರಿಗೆ ಈ ಆಕಾರ ಗೊತ್ತಾಗುವುದಿಲ್ಲ. ಗೋಡೆ ಹೋಗುತ್ತಾ ಹೋಗುತ್ತಾ ಚೂಪಾಗಿ ತಿರುಗಿ ಹಿಂದಕ್ಕೆ ಬರುತ್ತದೆ, ಅಷ್ಟೇ. ಛಾವಣಿಯ ನಕ್ಷೆಯನ್ನು ನೋಡಿದ ಮೇಲೆಯೇ ನಾವು ನಡೆದ ದಾರಿ ನಮಗೆ ಅರ್ಥವಾಯಿತು.

ನಕ್ಷತ್ರದ ಆಕಾರ ಅಂದಕ್ಕಾಗಿ ಮಾಡಿದುದಲ್ಲ. ಹಳೆಯ ಕೋಟೆಗಳ ದುಂಡು ಕೊತ್ತಲದ ಬುಡಕ್ಕೆ ಶತ್ರು ಒಂದು ಸಲ ಬಂದು ಸೇರಿಬಿಟ್ಟರೆ ಅಕ್ಕಪಕ್ಕದ ಗೋಡೆಯವರಿಗೆ ಅವನು ಕಾಣಿಸನು. ಗೋಡೆಯನ್ನು ಚೂಪು ಮೂಲೆಗಳಾಗಿ ಮಡಿಸಿದರೆ ಒಂದು ಮೂಲೆಯ ಬುಡವನ್ನು ಇನ್ನೊಂದು ಮೂಲೆಯಿಂದ ನೋಡಬಹುದು, ಹೊಡೆಯಬಹುದು. ಫಿರಂಗಿಗಳು ಬಂದ ಮೇಲೆ ಇಟಲಿಯಲ್ಲಿ ಹುಟ್ಟಿದ ಈ ಕ್ರಮವನ್ನು ಹದಿನಾಲ್ಕನೆಯ ಲೂಯಿಯ ಇಂಜಿನಿಯರ್ ವೊಬಾನನು ಪೂರ್ಣತೆಗೆ ತಂದನು. ಟಿಪ್ಪು ಸುಲ್ತಾನನು ಆ ಫ್ರೆಂಚ್ ಮಾದರಿಯನ್ನು ಅನುಸರಿಸಿ ಕಟ್ಟಿಸಿದ ಈ ಕೋಟೆ 1792ರಲ್ಲಿ ಪೂರ್ತಿಯಾಯಿತು. ಅದರ ಹಿಂದಿನ ವರ್ಷದ ಸಂಗತಿಗಳನ್ನು ನೆನೆದರೆ ಈ ಎಚ್ಚರಿಕೆಯ ಅರ್ಥ ತಿಳಿಯುತ್ತದೆ. ಯಾರಿಂದಲೂ ಸಾಧ್ಯವಾಗದೆಂದು ಹೆಸರಾಗಿದ್ದ ನಂದಿದುರ್ಗ 1791ರ ಅಕ್ಟೋಬರಿನಲ್ಲಿಯೂ ಸಾವನದುರ್ಗ ಡಿಸೆಂಬರಿನಲ್ಲಿಯೂ ಕಾರ್ನ್‌ವಾಲಿಸನ ಸೈನ್ಯದ ಫಿರಂಗಿಗಳಿಗೆ ಬಿದ್ದುಹೋಗಿದ್ದವು.

ಸೈಪ್ರಸಿನಲ್ಲಿ ಈ ಎರಡು ವಿದ್ಯೆಗಳು ಎರಡು ಕಾಲಗಳಿಗೆ ಹಂಚಿಹೋದವು. 1489ರಿಂದ ದ್ವೀಪವನ್ನು ಆಳಿದ ವೆನಿಸಿನವರು ಬೆಟ್ಟದ ಕೋಟೆಗಳನ್ನು ತಾವೇ ಕೆಡವಿ, ಬಯಲಿನ ನಿಕೋಸಿಯ ಪಟ್ಟಣಕ್ಕೆ 1567ರಿಂದ ಹನ್ನೊಂದು ಕೊತ್ತಲಗಳ ನಕ್ಷತ್ರಾಕಾರದ ಗೋಡೆಯನ್ನು ಕಟ್ಟಲು ತೊಡಗಿದರು. ಸುಮಾರು ಮೂರು ವರ್ಷಗಳ ತರುವಾಯ, 1570ರ ಸೆಪ್ಟೆಂಬರಿನಲ್ಲಿ, ಏಳು ವಾರಗಳ ಮುತ್ತಿಗೆಯ ತರುವಾಯ ಅದು ತುರುಕರ ವಶವಾಯಿತು. ಅಲ್ಲಿ ಬೆಟ್ಟವನ್ನು ಬಿಟ್ಟು ನಕ್ಷತ್ರವನ್ನು ಹಿಡಿದರು. ಮಂಜರಾಬಾದಿನಲ್ಲಿ ನಕ್ಷತ್ರವನ್ನೇ ಬೆಟ್ಟದ ಮೇಲೆ ಇಟ್ಟರು.

ಒಳಗಿನ ಅಂಗಳದ ನಡುವೆ ಹುಡುಗಿಯರು ಹುಡುಕುತ್ತಿದ್ದುದು ಸಿಕ್ಕಿತು. ಶಿಲುಬೆಯ ಆಕಾರದಲ್ಲಿ ನಾಲ್ಕು ಕಡೆಯಿಂದಲೂ ಮೆಟ್ಟಿಲುಗಳಿರುವ ಒಂದು ಕೊಳ. ಅದರ ಬಳಿಯಲ್ಲಿಯೇ ನೆಲದೊಳಗೆ ಎರಡು ತಣ್ಣನೆಯ ಕೋಣೆಗಳಿವೆ. ಮದ್ದುಗುಂಡುಗಳನ್ನು ಅಲ್ಲಿ ಇಡುತ್ತಿದ್ದರೆಂದು ಹೇಳುವರು. ಮಲೆನಾಡಿನ ಮಳೆಯನ್ನು ಕಂಡವರಿಗೆ ಈ ಕೊಳ ತುಂಬುವ ವಿಷಯದಲ್ಲಿ ಸಂಶಯವಿರಲಾರದು. ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚುವಾಗ ಚಿತ್ರದುರ್ಗದ ಓಬವ್ವನ ಕಥೆ ಬಂತು. ಗಂಡ ಊಟಕ್ಕೆ ಕುಳಿತು ನೀರು ಕೇಳಿದುದರಿಂದಲ್ಲವೇ ಅವಳು ಕೊಡ ಹಿಡಿದು ಹೊರಟದ್ದು, ಕಿಂಡಿಯಲ್ಲಿ ತೂರುತ್ತಿದ್ದ ಹೈದರಾಲಿಯ ಸಿಪಾಯಿಗಳನ್ನು ಕಂಡದ್ದು, ಒನಕೆ ಎತ್ತಿದ್ದು? ಕಥೆಯನ್ನು ಹೇಳುವವರು ಒನಕೆಯನ್ನು ಮರೆಯುವುದಿಲ್ಲ, ಕೊಡವನ್ನು ಮರೆತುಬಿಡುತ್ತಾರೆ ಎಂದು ಆ ಹಿಂದಿನ ಸಾಲಿನ ಹುಡುಗಿಯೇ ಹೇಳಿದಳು.

ಇಲ್ಲಿ ತಾಯಿತಂದೆಗಳಿಗೆ ಒಂದು ಮಾತು. ಗೋಡೆಯ ಗಾರೆಯ ಮೇಲೆ ಕಂಡಕಂಡವರ ಹೆಸರುಗಳನ್ನು ಕೊರೆದಿರುವುದನ್ನು ನೋಡಿ ನಮಗೆ ನಾಚಿಕೆಯಾಯಿತು. ಮಕ್ಕಳನ್ನು ಇಂಥ ಕಡೆಗೆ ಕಳುಹಿಸುವಾಗ ಜೇಬಿನಲ್ಲಿ ಮೊಳೆಯಿಲ್ಲದಂತೆ ನೋಡಿಕೊಳ್ಳಿರಿ.

ಊಟವಾದ ಮೇಲೆ ಗೋಡೆಯ ಮೇಲೆ ನಿಂತು ಪಶ್ಚಿಮವನ್ನು ನೋಡಿದೆವು. ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರ ಕಾಣುವುದೆಂದು ಹೇಳುತ್ತಾರೆ. ನಮಗೆ ಕಂಡದ್ದು ಮಂಜು, ಅದರ ಕೆಳಗೆ ಕಾಡು. ಆ ಸೀಮೆಯೇ ಹಿಂದಿನ ಬಲಂ. ಘಟ್ಟದ ದಾರಿಯನ್ನು ಕಾಯುವುದರ ಜೊತೆಗೆ ಬಲಂ ಪಾಳೆಯಗಾರರ ಮೇಲೆ ಕಣ್ಣಿಡಲು ಈ ಕೋಟೆ ತಕ್ಕ ಸ್ಥಳದಲ್ಲಿತ್ತು. ಟಿಪ್ಪುವಿನ ಮರಣಾನಂತರ ಅಲ್ಲಿಯ ಪಾಳೆಯಗಾರನು ಇಂಗ್ಲೀಷರಿಗೆ ತಿರುಗಿ ನಿಂತಾಗ ಆಶ್ರಯಿಸಿದ್ದು ಈ ಗಿರಿದುರ್ಗವನ್ನಲ್ಲ, ದಟ್ಟವಾದ ಕಾಡನ್ನು. ಅರ್ಥಶಾಸ್ತ್ರದ ವನದುರ್ಗವೆಂದರೆ ಅದೇ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯು, ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನೆನಿಸಿಕೊಂಡವನು, ಆ ಕಾಡಿನ ನೆಲೆಗೆ ನುಗ್ಗಿ ಪಾಳೆಯಗಾರನನ್ನು ಹಿಡಿದು ಗಲ್ಲಿಗೇರಿಸಿದನು. ನಮ್ಮ ಜಿಲ್ಲೆಯ ಮನೆಗಳಲ್ಲಿ ವೆಲ್ಲಿಂಗ್ಟನ್ನನನ್ನು ವಾಟರ್‌ಲೂವಿನೊಡನೆ ಬಲ್ಲವರು ಅನೇಕರು. ಬಲಂ ಕಾಡಿನೊಡನೆ ಬಲ್ಲವರು ಬಹಳ ವಿರಳ.

ಮಂಜು ಗೋಡೆಗಳವರೆಗೂ ಏರಿ ಬಂದುದರಿಂದ ಬೇಗನೆ ಇಳಿಯಬೇಕಾಯಿತು. ಬಾಗಿಲ ಛಾವಣಿಯ ಕೆಳಗೆ ನಿಂತು ನಕ್ಷೆಯನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದ ಹುಡುಗಿ ಎಂಟು ಮೂಲೆಗಳನ್ನೂ ಮುಗಿಸಿ ಹೊರಟವಳು, ಏನೋ ನೆನಪಾಗಿ ಮತ್ತೆ ನಿಂತು, ನಡುವೆ ಕೊಳವನ್ನು ಗುರುತಿಸಿ, ಆಮೇಲೆ ನಮ್ಮ ಹಿಂದೆ ಓಡಿಬಂದಳು.